ಸಹನಾ ಆರಿಸಿದ ರಿಸೀವರ್

ಸಹನಾಳಿಗೆ ಕಿವಿ ಕೇಳಿಸುವುದಿಲ್ಲ ಎಂದು ಎಲ್ಲರಿಗಿಂತ ಮೊದಲು ತಿಳಿದವನು ನಾನು. ಹೆತ್ತ ತಾಯಿಗೆ ಬರೀ ಅನುಮಾನವಿದ್ದಾಗ ನನಗೆ ಖಾತ್ರಿ ಇತ್ತು; ಡಾಕ್ಟರ ಬಾಯಿಂದ ಅದು ಬರುವುದಕ್ಕೆ ಇನ್ನೂ ಎರಡು ವರ್ಷ ಇತ್ತು. ತಿಳಿದ ಮೇಲೂ, ಮನೆ ತುಂಬ ಜನರ ಮುಂದೆ ನಿಂತು, ಕೇಳಿಸುತ್ತದೆ ಎಂದು ಹೇಳಿದವನೂ ನಾನೇ.

ಹಾಗೆ ಹೇಳಿದ್ದು ಬಳಗಕ್ಕೆಲ್ಲ ಗೊತ್ತು. ಅದೇನು ಗುಟ್ಟಲ್ಲ. ಪಾಪ, ಅವನಿಗೆ ತಿಳಿಯಲಿಲ್ಲ, ತಪ್ಪಿದ — ಎಂದು ಎಲ್ಲರೂ ನನ್ನನ್ನು ಯಾವತ್ತೋ ಕ್ಷಮಿಸಿಬಿಟ್ಟಿದ್ದಾರೆ. ಗುಟ್ಟು ಇರುವುದು ಬೇರೆ ಕಡೆ. ನಾನು ತಪ್ಪಿರಲಿಲ್ಲ. ಸರಿಯಾಗಿಯೇ ತಿಳಿದಿದ್ದೆ, ತಿಳಿದೇ ಸುಳ್ಳು ಹೇಳಿದೆ.

ವಿಜಯಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ. ಟಿವಿ, ಸ್ಪೀಕರು, ಹೋಮ್ ಥಿಯೇಟರ್ ಮಾರುತ್ತೇನೆ, ಮನೆಗೆ ಹೋಗಿ ಜೋಡಿಸಿಯೂ ಕೊಡುತ್ತೇನೆ. ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿಯಲ್ಲಿ ದುಡ್ಡು ಕೈ ಹತ್ತಿದವರು ಹೊಸ ಮನೆ ಕಟ್ಟಿಸಿದರೆ ಸಿನಿಮಾ ನೋಡುವುದಕ್ಕೆಂದೇ ಒಂದು ಕೋಣೆ ಬಿಡುವ ಹುಚ್ಚು ಈಚೆಗೆ ಹತ್ತಿದೆ. ಆ ಹುಚ್ಚಿನ ಮೇಲೇ ನನ್ನ ಹೊಟ್ಟೆ. ನಿಡೋಣಿಯಿಂದ ಘೋಣಸಗಿಯವರೆಗೆ ಎಷ್ಟು ಮನೆಗಳ ಗೋಡೆ ಕೊರೆದಿದ್ದೇನೋ! ನನ್ನ ಕಿವಿಯ ಮೇಲೆ ನನಗೆ ಭಾರಿ ಸೊಕ್ಕಿತ್ತು. ಒಂದು ಸ್ಪೀಕರಿನ ತಂತಿ ಉಲ್ಟಾ ಜೋಡಿಸಿದ್ದರೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಹೇಳಿಬಿಡುತ್ತಿದ್ದೆ. ಸೌಂಡಿನ ವಿಷಯ ಇದ್ದರೆ ಅವನನ್ನು ಕೇಳ್ರಿ, ಅವನ ಮಾತು ಎರಡಿಲ್ಲ — ಬಳಗದಲ್ಲಿ ನನ್ನ ಬಗ್ಗೆ ಹೀಗೊಂದು ಮಾತಿತ್ತು. ಆ ಮಾತನ್ನು ನಾನೇ ನೀರು ಹಾಕಿ ಬೆಳೆಸಿದ್ದೆ ಎನ್ನಬೇಕು.

ಸಹನಾ ನನ್ನ ತಂಗಿ ಶೈಲಾಳ ಮಗಳು. ಶೈಲಾಳನ್ನು ಕೊಟ್ಟಿದ್ದು ಘೋಣಸಗಿಗೆ, ನಮ್ಮ ಸೋದರಮಾವನ ಮಗ ಮಲ್ಲುಗೆ. ಈ ಸಂಬಂಧ ಅವಳಿಗೆ ಮೊದಲು ಬೇಡವಾಗಿತ್ತು. ಮಲ್ಲು ಕೆಟ್ಟವನೆಂದಲ್ಲ, ಅಂಥ ಸಾಧು ಮನುಷ್ಯ ಹುಡುಕಿದರೂ ಸಿಗಲಿಕ್ಕಿಲ್ಲ. ಡಿಗ್ರಿ ಓದುವಾಗ ಯಾರೋ ಮೇಡಂ ಪಾಠ ಮಾಡುತ್ತ, ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೆ ಹುಟ್ಟುವ ಮಕ್ಕಳಿಗೆ ಕಣ್ಣಿನದೋ ಕಿವಿಯದೋ ತೊಂದರೆ ಬರುವ ಸಂಭವ ಹೆಚ್ಚು ಎಂದು ಹೇಳಿದ್ದರಂತೆ. ಅವಳು ಅದನ್ನು ಹೆದರುತ್ತ ಹೆದರುತ್ತ ಮನೆಯಲ್ಲಿ ಹೇಳಿದಳು. ಅಪ್ಪ ಅವ್ವ ಸುಮ್ಮನಾದರು. ಸುಮ್ಮನಾಗದವನು ನಾನು. ನಮ್ಮಲ್ಲಿ ಹಿಂದಿನಿಂದ ನಡೆದು ಬಂದದ್ದು, ಮಾವನ ಮಗನನ್ನು ಬಿಟ್ಟು ಹೊರಗೆ ಕೊಟ್ಟರೆ ಬಳಗ ಒಡೆಯುತ್ತದೆ, ಊರಲ್ಲಿ ಎಲ್ಲರೂ ಹೀಗೇ ಆಗಿದ್ದಾರೆ, ಯಾರ ಮಕ್ಕಳಿಗೆ ಏನಾಗಿದೆ — ಒಂದು ವಾರ ಅವಳ ತಲೆ ತಿಂದೆ. ಕಡೆಗೆ, ನೀ ಇಷ್ಟು ಹೇಳುತ್ತೀ ಅಂದಮೇಲೆ ಆಗಲಿ ಅಣ್ಣಾ, ಎಂದಳು. ಆ ಒಪ್ಪಿಗೆ ನನ್ನ ಮೇಲಿನ ನಂಬಿಕೆಗೆ ಕೊಟ್ಟದ್ದು. ಅದು ನನಗೆ ಆವತ್ತೂ ಗೊತ್ತಿತ್ತು.

ಸಹನಾಳಿಗೆ ಒಂಬತ್ತು ತಿಂಗಳಾದಾಗ ಮಲ್ಲು ಹೊಸ ಮನೆಯ ವಾಸ್ತುಶಾಂತಿ ಇಟ್ಟುಕೊಂಡ. ನಮ್ಮ ಕಡೆ ಇಂಥ ಕಾರ್ಯಕ್ಕೆ ಹೆಣ್ಣಿನ ತವರಿನಿಂದ ಆಯೇರಿ ಒಯ್ಯಬೇಕು. ಸೀರೆ, ಪಾತ್ರೆ, ಅಳಿಯನಿಗೆ ಬಟ್ಟೆ. ಮಲ್ಲು ನಗುತ್ತ, ಬಟ್ಟೆ ಬೇಡ ಮಾವಾ, ನನ್ನ ಸಿನಿಮಾ ಕೋಣೆಗೆ ಒಂದು ರಿಸೀವರ್ ತಾ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದಿದ್ದ. ರಿಸೀವರ್ ಎಂದರೆ ಹೋಮ್ ಥಿಯೇಟರಿನ ಯಜಮಾನ ಇದ್ದ ಹಾಗೆ. ಟಿವಿಯಿಂದ ಬರುವ ಸದ್ದನ್ನು ತಾನು ತೆಗೆದುಕೊಂಡು, ಮುಂದಿನ ಸ್ಪೀಕರಿಗೆ ಇಷ್ಟು, ಹಿಂದಿನದಕ್ಕೆ ಇಷ್ಟು, ಮಾತು ನಡುವಿನದಕ್ಕೆ ಎಂದು ಹಂಚಿಕೊಡುವ ಪೆಟ್ಟಿಗೆ.

ಯಾವುದನ್ನು ತರಬೇಕು ಎಂಬುದರ ಮೇಲೆ ನಮ್ಮಿಬ್ಬರಿಗೂ ತಿಂಗಳುಗಟ್ಟಲೆ ಜಗ್ಗಾಟ. ಅವನು ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಒಂಬತ್ತು ಸ್ಪೀಕರ್ ಎಳೆಯುವ ದೊಡ್ಡದೊಂದನ್ನು ಹಿಡಿದು ಕೂತಿದ್ದ. ಎದೆ ನಡುಗಬೇಕು ಮಾವಾ, ಎನ್ನುತ್ತಿದ್ದ. ಆ ಕೋಣೆಗೆ ಐದು ಸ್ಪೀಕರು ಸಾಕು, ಮಾತು ಸ್ವಚ್ಛ ಕೇಳುವ ಸಣ್ಣದನ್ನೇ ತಗೋ, ದಿನಾ ಕೂತು ಕೇಳುವವರು ಮನೆಯ ಹೆಂಗಸರು, ಅವರಿಗೆ ಬೇಕಾದದ್ದು ಮಾತು — ಎಂದು ನಾನು. ಕಡೆಗೆ ಎರಡನ್ನೂ ಗಾಡಿಯಲ್ಲಿ ಹಾಕಿಕೊಂಡು ಹೋದೆ. ನಾಲ್ಕು ಜನ ಕೇಳಿ ಆರಿಸಲಿ ಎಂದು ಮಾತಾಯಿತು.

ಪೂಜೆ ಮುಗಿದು, ಮೊದಲ ಪಂಕ್ತಿಯ ಊಟ ಆಗಿ, ಜನ ಕೋಣೆಯೊಳಗೆ ಬಂದು ಜಮಖಾನೆ ಮೇಲೆ ಕೂತರು. ಹೋಳಿಗೆ ಉಂಡ ಹೊಟ್ಟೆ, ಬಾಯಲ್ಲಿ ಎಲೆ ಅಡಿಕೆ — ಎಲ್ಲರೂ ಪಂಚರೇ ಆಗಿದ್ದರು. ಸಣ್ಣ ರಿಸೀವರನ್ನು ಮೊದಲು ಜೋಡಿಸಿದೆ. ಸಬ್‌ವೂಫರ್ ಎಂಬ, ದಮ್ಮು ಕೊಡುವ ಆ ದೊಡ್ಡ ಡಬ್ಬಿಯ ತಂತಿ ಇನ್ನೂ ಹಾಕಿರಲಿಲ್ಲ. ಸುಮ್ಮನೆ ನೋಡೋಣ ಎಂದು ಒತ್ತಿದರೆ ಸದ್ದಿನ ಮಟ್ಟ ಏರಿಸಿಟ್ಟದ್ದು ಮರೆತಿದ್ದೆ. ಗುಡುಗಿನ ಸದ್ದು ಒಮ್ಮೆಲೇ ಸಿಡಿಯಿತು. ಒಬ್ಬ ಅಜ್ಜನ ಕೈಯಿಂದ ಚಹದ ಬಶಿ ಬಿತ್ತು. ಹುಡುಗರು ಚೀರಿದರು. ಯಾರದೋ ಸೊಂಟದ ಮೇಲಿದ್ದ ಕೂಸು ಬೆಚ್ಚಿ ಬಿದ್ದು ಅಳತೊಡಗಿತು.

ಸಹನಾ ಎಡಗಡೆ ಸ್ಪೀಕರಿನ ಮುಂದೆ, ಒಂದು ಮೊಳ ದೂರದಲ್ಲಿ ಕೂತಿದ್ದಳು. ಸ್ಟೀಲಿನ ಚಮಚವೊಂದನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ನೋಡುತ್ತಲೇ ಇದ್ದಳು. ರೆಪ್ಪೆ ಸಹ ಹೊಡೆಯಲಿಲ್ಲ.

ಎಲ್ಲರೂ ನಗುತ್ತಿದ್ದರು, ನನ್ನನ್ನು ಬೈಯುತ್ತಿದ್ದರು. ನಾನು ತಲೆ ತಗ್ಗಿಸಿ ರಿಸೀವರಿನ ಪರೀಕ್ಷೆಯ ಸದ್ದನ್ನು ಹಚ್ಚಿದೆ. ಶ್ಶ್ ಎಂದು ಒಂದೊಂದೇ ಸ್ಪೀಕರಿನಿಂದ ಸುತ್ತು ಬರುವ ಸದ್ದು ಅದು. ಅದು ಎಡಕ್ಕೆ ಬಂದಾಗ ಎಲ್ಲರ ತಲೆ ಎಡಕ್ಕೆ, ಹಿಂದೆ ಹೋದಾಗ ಹಿಂದಕ್ಕೆ. ಅವಳೊಬ್ಬಳದು ಮಾತ್ರ ಎತ್ತಲೂ ತಿರುಗಲಿಲ್ಲ. ಬೇಕೆಂದೇ ಇನ್ನೊಂದು ಸುತ್ತು ಹಾಕಿಸಿದೆ. ಮತ್ತೊಂದು. ಇಷ್ಟು ವರ್ಷ ಸದ್ದಿನಲ್ಲೇ ಬದುಕಿದವನಿಗೆ ಇನ್ನೇನು ಸಾಕ್ಷಿ ಬೇಕು?

ಎರಡನೇ ಪಂಕ್ತಿಗೆ ಕರೆ ಬಂದು ಜನ ಅರ್ಧ ಎದ್ದು ಹೋದಾಗ ಶೈಲಾ ನನ್ನ ಹತ್ತಿರ ಬಂದು ಕೂತಳು. ನಾನು ಮಗುವನ್ನೇ ನೋಡುತ್ತಿದ್ದದ್ದನ್ನು ಅವಳು ನೋಡಿದ್ದಳು. ಎರಡು ತಿಂಗಳಿಂದ ಅವಳಿಗೆ ಅನುಮಾನವಂತೆ. ಅಡುಗೆಮನೆಯಲ್ಲಿ ಕೊಡ ಬಿದ್ದರೂ ಕೂಸು ಏಳುವುದಿಲ್ಲ, ಬೆನ್ನ ಹಿಂದಿನಿಂದ ಕರೆದರೆ ತಿರುಗುವುದಿಲ್ಲ. ಗಂಡನಿಗೆ ಹೇಳಿದರೆ ಅವನು ನಗುತ್ತಾನೆ, ಅತ್ತೆಗೆ ಹೇಳಿದರೆ ಅಪಶಕುನ ನುಡಿಯಬೇಡ ಎನ್ನುತ್ತಾರೆ. ಇಷ್ಟು ಹೇಳಿ ನನ್ನ ಕೈ ಹಿಡಿದುಕೊಂಡಳು.

"ಅಣ್ಣಾ, ಇದರಾಗ ನಿನ್ನಷ್ಟ ತಿಳದವರು ನನಗ ಯಾರೂ ಇಲ್ಲ. ಅಕಿಗೆ ಕೇಳಸ್ತೈತೋ ಇಲ್ಲೋ, ನೀ ನೋಡಿ ಖರೆ ಹೇಳಿಬಿಡು."

ಆಗಲೇ ಹೇಳಬಹುದಿತ್ತು. ಕೋಣೆಯಲ್ಲಿ ಜನ ಕಡಿಮೆ ಇದ್ದರು. ಕಿವಿಯಲ್ಲಿ ಹೇಳಿದ್ದರೂ ಸಾಕಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದರು, ಬೆನ್ನಿಗೆ ಬಂಧುಬಳಗದ ನಾಲ್ಕಾರು ಹೆಂಗಸರು. ಏನು ಗುಸುಗುಸು ಎಂದರು. ಸಂಗತಿ ತಿಳಿದು ಅವರ ಮುಖ ಬಿಗಿಯಿತು. ನಮ್ಮ ಮನೆತನದಲ್ಲಿ ಯಾರಿಗೂ ಅಂಥದ್ದಿಲ್ಲ, ನಿಮ್ಮ ಕಡೆ ಯಾರಿಗಾದರೂ ಇತ್ತೇನು ಎಂದು ನನ್ನನ್ನೇ ಕೇಳಿದರು. ಅಷ್ಟರಲ್ಲಿ ಮಲ್ಲುವೂ ಬಂದ. ಇಕಿ ದಿನಾ ಇದೇ ರಾಗ ಹಾಡುತ್ತಾಳೆ, ಹೇಗೂ ನಿನ್ನ ಯಂತ್ರ ಇಲ್ಲೇ ಇದೆ, ಎಲ್ಲರೆದುರೇ ಪರೀಕ್ಷೆ ಮಾಡಿ ಮುಗಿಸಿಬಿಡು ಮಾವಾ, ಎಂದ. ಉಂಡವರು ಉಣ್ಣದವರು ಎಲ್ಲ ಬಂದು ನಿಂತರು.

ನನ್ನ ತಲೆಯಲ್ಲಿ ಆಗ ಏನೇನು ಓಡಿತು ಎಂಬುದನ್ನು ಮುಚ್ಚಿಡುವುದಿಲ್ಲ. ಶುಭಕಾರ್ಯದ ದಿನ ತಂಗಿಯ ಮನೆಯಲ್ಲಿ ಇಂಥ ಮಾತು ಆಡಬಾರದು, ಆ ಮನೆಯಲ್ಲಿ ಅವಳ ಬೆಲೆ ಹಗುರಾಗುತ್ತದೆ — ಇದು ಬಹಳ ವರ್ಷ ನಾನು ನನಗೇ ಹೇಳಿಕೊಂಡ ಕಾರಣ. ಚಂದದ ಕಾರಣ. ಆದರೆ ಮೊದಲು ಬಂದದ್ದು ಅದಲ್ಲ. ಮೊದಲು ಬಂದದ್ದು ಕಾಲೇಜಿನ ಆ ಮೇಡಂ ಹೇಳಿದ ಮಾತು. ಇವಳು ಬೇಡ ಎಂದಿದ್ದಳು, ಒಪ್ಪಿಸಿದವನು ಯಾರು? ಇಲ್ಲಿ ನಿಂತ ಒಬ್ಬೊಬ್ಬರೂ ತಿರುಗಿ ನನ್ನನ್ನೇ ನೋಡುತ್ತಾರೆ. ಶೈಲಾ ನೋಡುತ್ತಾಳೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನನ್ನು ಇನ್ನೂ ಯಾರೂ ಕಳ್ಳ ಎಂದಿರಲೂ ಇಲ್ಲ.

ನಾನು ಸಬ್‌ವೂಫರಿನ ತಂತಿ ಕೈಗೆತ್ತಿಕೊಂಡೆ.

ಅದು ಗೊತ್ತಿಲ್ಲದೆ ಆದದ್ದಲ್ಲ, ಕೈ ತಪ್ಪಿ ಆದದ್ದಲ್ಲ. ಆ ಡಬ್ಬಿಯ ಸದ್ದು ಕಿವಿಗಿಂತ ಮೈಗೆ ಮೊದಲು ಹತ್ತುತ್ತದೆ ಎಂಬುದು ನನ್ನ ಕಸುಬಿನ ಮೊದಲ ಪಾಠ. ಗೋಡೆಗೆ ತಾಗಿದರೆ ಗೋಡೆ ನಡುಗುತ್ತದೆ, ಮಂಚಕ್ಕೆ ತಾಗಿದರೆ ಮಂಚ. ಅದನ್ನು ಅಲ್ಲಿದ್ದ ಕಟ್ಟಿಗೆಯ ಮಂಚಕ್ಕೆ ಒತ್ತಿ ಇಟ್ಟೆ. ಸಣ್ಣ ರಿಸೀವರ್ ತೆಗೆದು ದೊಡ್ಡದನ್ನು ಹಚ್ಚಿದೆ. ಮಗುವನ್ನು ಮಂಚದ ಮೇಲೆ, ಎಲ್ಲರ ಕಡೆ ಮುಖ ಮಾಡಿ ಕೂರಿಸು ಎಂದು ಶೈಲಾಳಿಗೆ ಹೇಳಿದೆ. ಸ್ಪೀಕರ್ ಎಲ್ಲ ಅವಳ ಬೆನ್ನಿಗೆ. ಎಲ್ಲವನ್ನೂ ಎಷ್ಟು ಶಿಸ್ತಾಗಿ ಮಾಡಿದೆ ಎಂದರೆ — ಈಗ ನೆನೆದರೆ ನನ್ನ ಕೈಗಳ ಮೇಲೇ ನನಗೆ ಹೇಸಿಗೆ.

ದಮ್ಮ್ ಎಂದಿತು. ಸಹನಾ ಗಕ್ಕನೆ ಮೈ ನೆಟ್ಟಗೆ ಮಾಡಿದಳು. ಎರಡನೇ ಸಲಕ್ಕೆ ತನ್ನ ಎರಡೂ ಅಂಗೈಗಳನ್ನು ಮಂಚದ ಹಲಗೆಗೆ ಊರಿದಳು, ಮೂರನೇ ಸಲಕ್ಕೆ ಖಿಲ್ಲನೆ ನಕ್ಕಳು. ಜನ ಹೋ ಎಂದರು. ಆ ಅಂಗೈಗಳನ್ನು ಯಾರೂ ನೋಡಲಿಲ್ಲ. ನಾನು ನೋಡಿದೆ.

ಶೈಲಾ ಜನರ ಕಡೆ ನೋಡಲಿಲ್ಲ, ಮಗುವಿನ ಕಡೆಯೂ ಅಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಕೇಳಸ್ತೈತಿ ತಂಗಿ. ಚಲೋ ಕೇಳಸ್ತೈತಿ" ಎಂದೆ.

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಅತ್ತೆ ಮೊಮ್ಮಗಳಿಗೆ ದೃಷ್ಟಿ ತೆಗೆದರು. ಮಲ್ಲು ಮಗಳನ್ನು ಎತ್ತಿ ಹಿಡಿದು, ನೋಡ್ರಿ, ನನ್ನ ಮಗಳೇ ಆರಿಸಿದಳು, ದೊಡ್ಡದೇ ಇರಲಿ ಎಂದ. ಅಲ್ಲಿಗೆ ತೀರ್ಮಾನವಾಯಿತು. ಮುಂದೆ ಬಹಳ ದಿನ ಆ ಮನೆಯಲ್ಲಿ ಅದಕ್ಕೆ ಸಹನಾಳ ರಿಸೀವರ್ ಎಂದೇ ಹೆಸರು.

ನಾಳೆ ಫೋನ್ ಮಾಡಿ ಹೇಳಿದರಾಯಿತು ಎಂದುಕೊಂಡು ಆವತ್ತು ಗಾಡಿ ಹತ್ತಿದೆ. ಆ ನಾಳೆ... ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಆಡಿದ ಮಾತು ನನ್ನ ಕೈ ಬಿಟ್ಟುಹೋಗಿತ್ತು. ತಿಂಗಳು ಕಳೆದ ಮೇಲೆ ಒಮ್ಮೆ ಧೈರ್ಯ ಮಾಡಿ, ಯಾವುದಕ್ಕೂ ವಿಜಯಪುರಕ್ಕೆ ಬಂದು ಡಾಕ್ಟರಿಗೆ ತೋರಿಸು ಶೈಲಾ ಎಂದೆ. ಯಾಕಣ್ಣಾ, ನೀನೇ ನೋಡಿದೆಯಲ್ಲ, ಎಂದಳು. ಅವಳ ದನಿಯಲ್ಲಿ ಎಷ್ಟು ನಿರುಮ್ಮಳ ಇತ್ತೆಂದರೆ, ಹೌದಲ್ಲ ಎಂದು ಫೋನ್ ಇಟ್ಟೆ. ಇನ್ನೊಮ್ಮೆ ಮಲ್ಲುಗೆ ಹೇಳಹೊರಟೆ. ಅವನು ನಾನೇ ಮಾಡಿದ ಪರೀಕ್ಷೆಯನ್ನು ನನಗೇ ವರ್ಣಿಸಿದ. ಒಂದೂವರೆ ವರ್ಷವಾದರೂ ಕೂಸಿಗೆ ಮಾತು ಬರಲಿಲ್ಲ. ಕೆಲವು ಮಕ್ಕಳಿಗೆ ಮಾತು ತಡ, ಕಿವಿಯಂತೂ ಚೆನ್ನಾಗಿದೆ, ಅವಳ ಮಾಮಾನೇ ನೋಡಿದ್ದಾನೆ — ಅತ್ತೆ ಬಂದವರಿಗೆಲ್ಲ ಹೀಗೆ ಹೇಳುತ್ತಿದ್ದರು. ನನಗೆ ಬಾಯಲ್ಲಿ ಬಿಸಿ ತುಪ್ಪ. ನುಂಗಲಾರೆ, ಉಗುಳಲಾರೆ. ಹೀಗೆ ಬರೆದರೆ ನನ್ನ ಮೇಲೆ ನನಗೇ ಕನಿಕರ ಬಂದಂತೆ ಕಾಣುತ್ತದೆ, ಅದೂ ಬೇಡ. ಉಗುಳಬಹುದಿತ್ತು. ಬಾಯಿ ಸುಡುತ್ತಿತ್ತು, ಅಷ್ಟೇ.

ಹೆಚ್ಚುಕಡಿಮೆ ಎರಡೂ ಮುಕ್ಕಾಲು ವರ್ಷದವಳಿದ್ದಾಗ ಅಂಗನವಾಡಿಯ ಅಕ್ಕ ಹಟ ಹಿಡಿದು ಕಳಿಸಿದ ಮೇಲೆ ಸಹನಾಳನ್ನು ವಿಜಯಪುರದಲ್ಲಿ ತೋರಿಸಿದರು. ನಾನೂ ಹೋಗಿದ್ದೆ. ಸದ್ದು ಒಳಗೆ ಬಾರದ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ, ಎರಡೂ ಕಿವಿ ಹುಟ್ಟಿನಿಂದಲೇ ಕೇಳಿಸುವುದಿಲ್ಲ ಎಂದರು. ಯಾಕಿಷ್ಟು ತಡ ಮಾಡಿದಿರಿ, ಆಪರೇಷನ್ ಮಾಡಿ ಯಂತ್ರ ಕೂಡಿಸುವುದಕ್ಕೆ ಒಂದೊಂದು ತಿಂಗಳೂ ಮುಖ್ಯ, ಮಾತು ಕಲಿಯುವ ವಯಸ್ಸು ಅದು, ಎಂದು ಡಾಕ್ಟರು ಕೇಳಿದರು. ಶೈಲಾ ನನ್ನ ಕಡೆ ಬೊಟ್ಟು ಮಾಡಲಿಲ್ಲ. ನನಗೆ ಅನುಮಾನ ಬಂದಿತ್ತು ಡಾಕ್ಟರೇ, ನಾನೇ ಸುಮ್ಮನಾದೆ, ಎಂದಳು. ಹೊರಗೆ ಬಂದ ಮೇಲೆ ಮಲ್ಲು ನನ್ನ ಭುಜದ ಮೇಲೆ ಕೈ ಹಾಕಿ, ನೀನೇನು ಡಾಕ್ಟರನೇ, ಬಿಡು ಎಂದ. ಅವನು ಬೈದಿದ್ದರೆ ಬಹುಶಃ ಆವತ್ತೇ ಹೇಳಿಬಿಡುತ್ತಿದ್ದೆನೇನೋ... ಇಲ್ಲ. ಹೇಳುತ್ತಿರಲಿಲ್ಲ.

ಆಪರೇಷನ್ ಆಗುವಷ್ಟರಲ್ಲಿ ಇನ್ನೂ ಒಂದು ವರ್ಷ ಹೋಯಿತು. ಈಗ ಅವಳಿಗೆ ಆರು. ಮಾತು ಕಲಿಸುವ ಕ್ಲಾಸಿಗೆ ಹತ್ತಿರವಾಗಲಿ ಎಂದು ಶೈಲಾ ಮಗಳನ್ನು ಕರೆದುಕೊಂಡು ವಿಜಯಪುರದ ಜಲನಗರದಲ್ಲಿ ನಮ್ಮ ಮನೆಯ ಮೇಲಿನ ಕೋಣೆಯಲ್ಲಿದ್ದಾಳೆ. ಮಲ್ಲು ವಾರಕ್ಕೊಮ್ಮೆ ತೋಟ ಬಿಟ್ಟು ಬರುತ್ತಾನೆ. ಸಹನಾ ಹತ್ತಾರು ಶಬ್ದ ಆಡುತ್ತಾಳೆ, ಮನೆಯವರಿಗೆ ತಿಳಿಯುವಷ್ಟು. ಅವಳ ಓರಗೆಯ ಮಕ್ಕಳು ಓಣಿಯಲ್ಲಿ ಜಗಳವಾಡುವುದನ್ನು ನಿಂತು ನೋಡುತ್ತಾಳೆ. ಒಬ್ಬೊಬ್ಬರ ಬಾಯಿಯನ್ನು ನೋಡಿ, ಇನ್ನೊಬ್ಬರ ಬಾಯಿಗೆ ಹೊರಳುವಷ್ಟರಲ್ಲಿ ಜಗಳವೇ ಮುಗಿದಿರುತ್ತದೆ. ಆಗ ನನ್ನ ಹತ್ತಿರ ಬಂದು ಏನಾಯಿತು ಎಂದು ಕೈ ಮಾಡಿ ಕೇಳುತ್ತಾಳೆ. ಹೇಳುತ್ತೇನೆ, ಅರ್ಧ ಮಾತಲ್ಲಿ, ಅರ್ಧ ಕೈಸನ್ನೆಯಲ್ಲಿ. ಕಳೆದುಹೋದ ಆ ಎರಡು ವರ್ಷಗಳನ್ನು ಯಾವ ಪೆಟ್ಟಿಗೆಯಿಂದ ತಂದುಕೊಡಲಿ?

ಹೋದ ವಾರ ಕ್ಲಾಸಿನ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಬಬಲೇಶ್ವರದ ಕಡೆಯ ಒಬ್ಬ ಎಳೆಯ ತಾಯಿ, ಮಡಿಲಲ್ಲಿ ಎಂಟು ತಿಂಗಳ ಕೂಸು, ಹೆದರಿ ಬಿಳುಚಿದ ಮುಖ. ಶೈಲಾ ಅವಳ ಬೆನ್ನು ಸವರುತ್ತ ಧೈರ್ಯ ಹೇಳುತ್ತಿದ್ದಳು. "ನೀ ಶಾಣ್ಯಾಕಿ ಅದಿ, ಲಗೂನ ಬಂದಿ. ನಾ ತಾಯಿಯಾಗಿ ತಪ್ಪು ಮಾಡೀನವಾ. ನನ್ನ ಮಗಳ ಮಾತು ನಾನ ಕಸಗೊಂಡೆ" ಎಂದಳು. ಅಳಲಿಲ್ಲ. ದಿನಾ ಹೇಳಿಕೊಂಡು ರೂಢಿಯಾದ ಮಾತಿನಂತೆ ಹೇಳಿದಳು. ನಾನು ಪಕ್ಕದಲ್ಲೇ ಕೂತಿದ್ದೆ.

ಇದನ್ನು ಅವಳು ಎಷ್ಟು ವರ್ಷದಿಂದ ಹೊತ್ತಿದ್ದಾಳೆ ಎಂಬುದು ನನಗೆ ಆ ಬೆಂಚಿನ ಮೇಲೆ ತಿಳಿಯಿತು. ಜನ ನನ್ನನ್ನು ಕ್ಷಮಿಸಿ ಮರೆತ ತಪ್ಪು ಎಲ್ಲೂ ಹೋಗಿರಲಿಲ್ಲ. ಅವಳ ತಲೆಯ ಮೇಲೆ ಹೋಗಿ ಕೂತಿತ್ತು.

ನಿನ್ನೆ ಮಧ್ಯಾಹ್ನ ಮೇಲೆ ಹೋದೆ. ಸಹನಾ ಕಿವಿಯ ಯಂತ್ರದ ಹೊರಗಿನ ಭಾಗ ತೆಗೆದಿಟ್ಟು ಮಲಗಿದ್ದಳು. ಶೈಲಾ ಒಣಗಿದ ಬಟ್ಟೆ ಮಡಚುತ್ತಿದ್ದಳು. ಆವತ್ತು ನನಗೆ ಗೊತ್ತಿತ್ತು ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಚಮಚದಿಂದ ಹಿಡಿದು ಹೇಳಿದೆ. ಗುಡುಗಿನ ಸದ್ದು, ಸುತ್ತು ಬಂದ ಸದ್ದು, ತಂತಿ, ಮಂಚ, ಅಂಗೈ, ಮೇಡಂ ಹೇಳಿದ ಮಾತಿನ ಹೆದರಿಕೆ, ಎಲ್ಲ. ತಪ್ಪು ನಿನ್ನದಲ್ಲ, ಒಂದು ಕೂದಲಿನಷ್ಟೂ ನಿನ್ನದಲ್ಲ ಎಂದೆ. ಕ್ಷಮಿಸು ಎನ್ನಲಿಲ್ಲ, ಆ ಶಬ್ದ ಬಾಯಿಗೆ ಬರಲಿಲ್ಲ. ಇಷ್ಟು ವರ್ಷ ಮುಚ್ಚಿಟ್ಟದ್ದು ಹೇಳಿ ಮುಗಿಸುವುದಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ.

ಅವಳು ಬೈಯುತ್ತಾಳೆ, ಕೆಳಗೆ ಹೋಗು ಎನ್ನುತ್ತಾಳೆ, ಗಂಟು ಕಟ್ಟಿಕೊಂಡು ಘೋಣಸಗಿಗೆ ಹೊರಡುತ್ತಾಳೆ ಎಂದು ಏನೇನೋ ಎಣಿಸಿಕೊಂಡಿದ್ದೆ. ಯಾವುದನ್ನೂ ಮಾಡಲಿಲ್ಲ. ಕೈಯಲ್ಲಿದ್ದ ಮಗಳ ಲಂಗವನ್ನು ಮಡಚುವುದು ಮಾತ್ರ ನಿಂತಿತು. ಮದುವೆಯ ಮಾತು ಎತ್ತಲಿಲ್ಲ, ಹೋದ ವರ್ಷಗಳ ಮಾತು ಎತ್ತಲಿಲ್ಲ. ಮಲಗಿದ ಮಗುವನ್ನು ನೋಡುತ್ತ, ನನ್ನ ಕಡೆ ತಿರುಗದೆಯೇ ಹೇಳಿದಳು.

"ಅಷ್ಟ ದಿನಾ ನಾ ಅಕಿಗೆ ಜೋಗುಳ ಹಾಡತಿದ್ದೆ ಅಣ್ಣಾ. ನೀ ಬಂದಾಗೆಲ್ಲಾ ಬಾಗಲದಾಗ ನಿಂತು ಕೇಳತಿದ್ದಿ."

ಹೌದು. ನಿಂತು ಕೇಳುತ್ತಿದ್ದೆ. ಚಲೋ ಹಾಡತೀ ಎಂದೂ ಒಮ್ಮೆ ಹೇಳಿದ್ದೆ.